ಒಂದೇ ತೋಟಾದ ರೈಫಲ್ಲು, ಜಿಂಕೆ ಬೇಟೆ ಮತ್ತು ಸಂಯಮದ ಮಾತು

ಒಂದು ಬಾರಿಗೆ ಒಂದೇ ತೋಟಾ ಹಿಡಿಸುವ ರೈಫಲ್ಲನ್ನು ಮೆಚ್ಚುವವರು ಎಲ್ಲ ಕಡೆಯೂ ಒಂದೇ ಮಾತು ಹೇಳುತ್ತಾರೆ: ಎರಡನೆಯ ಈಡು ಕೈಯಲ್ಲಿಲ್ಲವೆಂದು ತಿಳಿದವನು ಮೊದಲನೆಯದನ್ನು ಹಾಳು ಮಾಡುವುದಿಲ್ಲ, ಆದ್ದರಿಂದ ಈ ರೈಫಲ್ಲು ಬೇಟೆಗಾರನಿಗೆ ಸಂಯಮವನ್ನು ಕಲಿಸುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗನೂ ಇದನ್ನೇ ಹೇಳುತ್ತಾನೆ. ಅವನ ಬಳಿ ಇರುವುದು ರೂಗರ್ ನಂಬರ್ 1 ಎಂಬ ರೈಫಲ್ಲು. ಅವನ ಮನೆಗೆ ಹೋಗಿದ್ದಾಗ ನವೆಂಬರ್ ಕೊನೆಯ ಜಿಂಕೆ ಬೇಟೆಯ ಋತುವಿನಲ್ಲಿ ಅವನ ಜೊತೆ ಕಾಡಿನಂಚಿನ ಅಟ್ಟಣೆಯ ಮೇಲೆ ಕುಳಿತು, ಆ ರೈಫಲ್ಲಿನ ಕೆಲಸವನ್ನು ಹತ್ತಿರದಿಂದ ನೋಡಿದೆ. ನೋಡಿದ್ದನ್ನೂ, ನಮ್ಮ ಮೈಸೂರು ಮಂಡ್ಯ ಸೀಮೆಯಲ್ಲಿ ಕೋವಿ ಮತ್ತು ಜಿಂಕೆಗಳ ನಡುವೆ ನಡೆದ ಚರಿತ್ರೆಯನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದರೆ, ಆ ಮಾತು ಅರ್ಧದಷ್ಟು ಮಾತ್ರ ನಿಜವೆಂದು ನನಗೆ ಅನ್ನಿಸುತ್ತದೆ. ಯಾವ ಅರ್ಧ ನಿಜ, ಯಾವ ಅರ್ಧ ಅಲ್ಲ ಎಂಬುದನ್ನು ಬಿಡಿಸಿ ಬರೆಯಲು ಇಲ್ಲಿ ಪ್ರಯತ್ನಿಸಿದ್ದೇನೆ.

ನಾನು ಬೇಟೆಗಾರನಲ್ಲ. ಮೈಸೂರಿನಲ್ಲಿ ಹುಡುಗರಿಗೆ ಲೇತು, ಮಿಲ್ಲಿಂಗ್, ಫಿಟ್ಟಿಂಗ್ ಹೇಳಿಕೊಟ್ಟು ನಿವೃತ್ತನಾದವನು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ಲಿಗೆ ಒಂದೊಂದೇ ತೋಟಾ ಇಟ್ಟು ಕಾಗದದ ಗುರಿಗೆ ಹೊಡೆದದ್ದನ್ನು ಬಿಟ್ಟರೆ ಕೋವಿಯ ಸಹವಾಸ ನನಗಿಲ್ಲ. ಆದರೆ ಚೆನ್ನಾಗಿ ಮಾಡಿದ ಯಂತ್ರವನ್ನು ಕಂಡರೆ ಅದರೊಳಗೆ ಏನು ನಡೆಯುತ್ತದೆಂದು ತಿಳಿಯದೆ ನಿದ್ದೆ ಬಾರದ ಜಾತಿ ನಮ್ಮದು. ಹಾಗಾಗಿ ಯಂತ್ರದಿಂದಲೇ ಆರಂಭಿಸುತ್ತೇನೆ. ಬೇಟೆಯ ಕಥೆಗಾಗಿ ಬಂದವರು ಸ್ವಲ್ಪ ತಾಳಬೇಕು.

ಹಿಂದಿನಿಂದ ತೋಟಾ ತುಂಬುವ ಎಲ್ಲ ಕೋವಿಗಳ ಮೂಲ ಸಮಸ್ಯೆ ಒಂದೇ: ಮದ್ದು ಸಿಡಿಯುವ ಕ್ಷಣದಲ್ಲಿ ನಳಿಗೆಯ ಹಿಂಬಾಯಿಯನ್ನು ಭದ್ರವಾಗಿ ಮುಚ್ಚಿಡಬೇಕು, ಮರುಕ್ಷಣದಲ್ಲಿ ಅದನ್ನು ಬೆರಳಿನ ಬಲದಿಂದ ತೆರೆಯುವಂತಿರಬೇಕು. ಅಕ್ಕನ ಮಗನ ರೈಫಲ್ಲಿಗೆ ಹಾಕುವ, .30-06 ಎಂಬ ಅಳತೆಯ ತೋಟಾದೊಳಗಿನ ಒತ್ತಡ ಚದರ ಅಂಗುಲಕ್ಕೆ 60,000 ಪೌಂಡುಗಳವರೆಗೆ ಏರಬಹುದು. ಅದನ್ನು ತಡೆಯುವ ಉಪಾಯಗಳಲ್ಲಿ ಅತ್ಯಂತ ಸರಳವಾದದ್ದು, ನನ್ನ ದೃಷ್ಟಿಯಲ್ಲಿ ಅತ್ಯಂತ ಸುಂದರವಾದದ್ದು, ಫಾಲಿಂಗ್ ಬ್ಲಾಕ್ ಎಂಬ ವಿನ್ಯಾಸ. ನಳಿಗೆಯ ಬೆನ್ನಿಗೆ ಉಕ್ಕಿನ ಗಟ್ಟಿ ತುಂಡೊಂದು ವಿಶ್ವೇಶ್ವರಯ್ಯ ನಾಲೆಯ ತೂಬಿನ ಹಲಗೆ ತನ್ನ ಜಾಡಿನಲ್ಲಿ ಏರಿಳಿಯುವಂತೆ ಏರಿಳಿಯುತ್ತದೆ. ಟ್ರಿಗರಿನ ಸುತ್ತ ಇರುವ ಸನ್ನೆಯನ್ನು ಕೆಳಗೆ ಎಳೆದರೆ ಆ ತುಂಡು ಕೆಳಗಿಳಿದು ನಳಿಗೆಯ ಬಾಯಿ ತೆರೆದುಕೊಳ್ಳುತ್ತದೆ; ತೋಟಾವನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿ ಸನ್ನೆಯನ್ನು ಮೇಲಕ್ಕೆ ಒತ್ತಿದರೆ ಬಾಯಿ ಮುಚ್ಚುತ್ತದೆ. ಒತ್ತಡ ಹಿಂದಕ್ಕೆ ತಳ್ಳುತ್ತದೆ, ತುಂಡು ಚಲಿಸಬಲ್ಲದ್ದು ಮೇಲೆ ಕೆಳಗೆ ಮಾತ್ರ. ಆದ್ದರಿಂದ ಎಷ್ಟು ಬಲವಾಗಿ ತಳ್ಳಿದರೂ ಅದು ತೆರೆಯಲು ದಾರಿಯೇ ಇಲ್ಲ. ಬಲದ ದಿಕ್ಕಿಗೆ ಅಡ್ಡವಾಗಿ ಬಾಗಿಲನ್ನು ಜಾರಿಸು ಎಂಬ ಈ ಒಂದು ಯೋಚನೆಯನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು ತೋರಿಸುವ ಅವಕಾಶ ನನಗೆ ಸಿಗಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ.

ಈ ಯೋಚನೆಗೆ ಅಮೆರಿಕದ ಕ್ರಿಶ್ಚಿಯನ್ ಶಾರ್ಪ್ಸ್ 1848ರಲ್ಲಿ ಪೇಟೆಂಟ್ ಪಡೆದ. 1862ರಲ್ಲಿ ಹೆನ್ರಿ ಪೀಬಡಿ ಎಂಬವನು ತುಂಡಿನ ಹಿಂತುದಿಗೆ ಕೀಲು ಕೊಟ್ಟು, ಮುಂತುದಿ ಮಾತ್ರ ಬಾಗಿ ಇಳಿಯುವಂತೆ ಮಾಡಿದ. ಸ್ವಿಟ್ಜರ್ಲೆಂಡಿನ ಮಾರ್ಟಿನಿ ಅದರ ಹೊರಗಿದ್ದ ಸುತ್ತಿಗೆಯನ್ನು ತೆಗೆದು ಹೊಡೆಯುವ ಸೂಜಿಯನ್ನು ತುಂಡಿನೊಳಗೇ ಅಡಗಿಸಿದ. ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯ ನಳಿಗೆ ಅದಕ್ಕೆ ಸೇರಿ, 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಮಾರ್ಟಿನಿ-ಹೆನ್ರಿ ಬಂತು. ಮರುವರ್ಷ ಸ್ಕಾಟ್ಲೆಂಡಿನ ಜಾನ್ ಫಾರ್ಕರ್ಸನ್ ಬೇಟೆಗೆಂದೇ ಹೇಳಿ ಮಾಡಿಸಿದಂಥ ವಿನ್ಯಾಸವೊಂದಕ್ಕೆ ಪೇಟೆಂಟ್ ಪಡೆದ. ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವನ್ನು ವಿಂಚೆಸ್ಟರ್ ಕಂಪನಿ ಕೊಂಡು 1885ರ ಮಾದರಿಯೆಂದು ಮಾರಿತು. ಆಮೇಲೆ ಹಲವು ತೋಟಾ ಹಿಡಿಸುವ, ಬೋಲ್ಟ್ ಎಂಬ ಉಕ್ಕಿನ ಅಗಳಿಯನ್ನು ಕೈಯಿಂದ ಹಿಂದೆ ಮುಂದೆ ಸರಿಸಿ ತುಂಬುವ ಬೋಲ್ಟ್ ರೈಫಲ್ಲುಗಳ ಕಾಲ ಬಂದು ಇವೆಲ್ಲ ಮೂಲೆ ಸೇರಿದವು. ಅವು ಸತ್ತವೆಂದು ಎಲ್ಲರೂ ತಿಳಿದಿದ್ದಾಗ, 1967ರಲ್ಲಿ, ರೂಗರ್ ಕಂಪನಿ ಫಾರ್ಕರ್ಸನ್‌ನ ರೂಪವನ್ನು ನೆನಪಿಸುವ ನಂಬರ್ 1 ರೈಫಲ್ಲನ್ನು ಮಾರುಕಟ್ಟೆಗೆ ತಂದಿತು. ಬೋಲ್ಟ್ ಹಿಂದೆ ಮುಂದೆ ಓಡಾಡಲು ಬೇಕಾದ ಜಾಗ ಇದರಲ್ಲಿ ಬೇಕಿಲ್ಲವಾದ್ದರಿಂದ, ನಳಿಗೆ ಅಷ್ಟೇ ಉದ್ದವಿದ್ದರೂ ಇಡೀ ರೈಫಲ್ಲು ಸುಮಾರು 4 ಅಂಗುಲ ಗಿಡ್ಡವಾಗಿರುತ್ತದೆ. ಅಟ್ಟಣೆಯ ಇಕ್ಕಟ್ಟಿನಲ್ಲಿ ಆ 4 ಅಂಗುಲದ ಬೆಲೆ ಗೊತ್ತಾಗುತ್ತದೆ.

ಹಳೆಯ ಒಂಟಿ ತೋಟಾದ ರೈಫಲ್ಲುಗಳಿಗೂ ಇಂದಿನದಕ್ಕೂ ಇರುವ ನಿಜವಾದ ವ್ಯತ್ಯಾಸ ತೋಟಾದಲ್ಲಿದೆ. ಮಾರ್ಟಿನಿ-ಹೆನ್ರಿಯ ತೋಟಾದಲ್ಲಿ 85 ಗ್ರೇನ್, ಅಂದರೆ ಐದೂವರೆ ಗ್ರಾಂ ಕರಿಮದ್ದು, ಸುಮಾರು 31 ಗ್ರಾಂ ತೂಕದ ಸೀಸದ ಗುಂಡನ್ನು ಸೆಕೆಂಡಿಗೆ ಸುಮಾರು 410 ಮೀಟರ್ ವೇಗದಲ್ಲಿ ಕಳುಹಿಸುತ್ತಿತ್ತು. .30-06ರ ಜಿಂಕೆ ಬೇಟೆಯ ಗುಂಡು ಹತ್ತು ಗ್ರಾಮಿನೊಳಗೆ ತೂಗುತ್ತದೆ, ವೇಗ ಸೆಕೆಂಡಿಗೆ ಸುಮಾರು 880 ಮೀಟರ್. ಗುಂಡು ಎಷ್ಟೇ ವೇಗವಾಗಿ ಹೋದರೂ ಭೂಮಿ ಅದನ್ನು ಎಳೆಯುತ್ತಲೇ ಇರುತ್ತದೆ. ದಾರಿಯಲ್ಲಿ ಕಳೆದ ಕಾಲಕ್ಕೆ ತಕ್ಕಂತೆ ಅದು ಕೆಳಗಿಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ 150 ಮೀಟರಿನಲ್ಲಿ ಹಳೆಯ ಗುಂಡು ನಳಿಗೆಯ ನೇರದಿಂದ ಸುಮಾರು 80 ಸೆಂಟಿಮೀಟರ್ ಕೆಳಗಿರುತ್ತದೆ, 200 ಮೀಟರಿನಲ್ಲಿ ಸುಮಾರು ಒಂದೂವರೆ ಮೀಟರ್. ಅಂದರೆ ಇನ್ನೂರು ಮೀಟರ್ ದೂರವನ್ನು ನೂರೈವತ್ತು ಎಂದು ಕಣ್ಣಂದಾಜು ಮಾಡಿದವನ ಗುಂಡು ಒಂದು ಅಡಿಗಿಂತ ಹೆಚ್ಚು ತಪ್ಪುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗದ ಅಗಲ 20ರಿಂದ 25 ಸೆಂಟಿಮೀಟರ್ ಮಾತ್ರ. ಅದೇ ತಪ್ಪು ಅಂದಾಜಿಗೆ .30-06ರ ಗುಂಡು ತಪ್ಪುವುದು ಅರ್ಧ ಅಡಿಯಷ್ಟೂ ಇಲ್ಲ.

ಇದರ ಜೊತೆಗೆ ಹೊಗೆ. ಕರಿಮದ್ದಿನ ಈಡು ಹಾರಿದೊಡನೆ ಬಿಳಿ ಹೊಗೆಯ ಮೋಡವೊಂದು ಬೇಟೆಗಾರನ ಮುಂದೆ ನಿಲ್ಲುತ್ತಿತ್ತು. ಗಾಳಿಯಿಲ್ಲದ ಬೆಳಗಿನಲ್ಲಿ ಅದು ಬೇಗ ಕರಗುತ್ತಲೂ ಇರಲಿಲ್ಲ. ಪ್ರಾಣಿಗೆ ಎಲ್ಲಿ ತಗುಲಿತು, ಅದು ಹೇಗೆ ನೆಗೆಯಿತು, ಯಾವ ಪೊದೆಯ ಹಿಂದೆ ಮರೆಯಾಯಿತು ಎಂಬ, ಮುಂದಿನ ಹುಡುಕಾಟಕ್ಕೆ ಅತ್ಯಗತ್ಯವಾದ ವಿವರಗಳೆಲ್ಲ ಆ ಹೊಗೆಯ ಆಚೆ ನಡೆದುಹೋಗುತ್ತಿದ್ದವು. ಹಳೆಯ ರೈಫಲ್ಲುಗಳ ಬಗ್ಗೆ ಭಾವುಕರಾಗಿ ಮಾತನಾಡುವವರು ಇದನ್ನು ಹೇಳುವುದು ಕಡಿಮೆ. ಹೊಗೆಯಿಲ್ಲದ ಮದ್ದು ಬಂದಮೇಲೆ ಬೇಟೆಗಾರನಿಗೆ ವೇಗಕ್ಕಿಂತ ದೊಡ್ಡ ಲಾಭವಾದದ್ದು ತನ್ನ ಈಡಿನ ಫಲವನ್ನು ಕಣ್ಣಾರೆ ಕಾಣುವ ಅವಕಾಶವೆಂದು ನಾನು ತಿಳಿಯುತ್ತೇನೆ.

ಇನ್ನು ಸಂಯಮದ ಮಾತು. ಒಂದೇ ತೋಟಾ ಇರುವುದರಿಂದಲೇ ಸಂಯಮ ಬರುವುದಾಗಿದ್ದರೆ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆಗಳು, ಅಂದರೆ ಅಲ್ಲಿನ ಬೈಸನ್‌ಗಳು, ಉಳಿಯಬೇಕಿತ್ತು. 1870ರ ದಶಕದಲ್ಲಿ ಚರ್ಮಕ್ಕಾಗಿ ಅವುಗಳನ್ನು ಹಿಂಡು ಹಿಂಡಾಗಿ ಕೊಂದವರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಶಾರ್ಪ್ಸ್ ಮತ್ತು ರೆಮಿಂಗ್ಟನ್ ಕಂಪನಿಗಳ ಒಂಟಿ ತೋಟಾದ ರೈಫಲ್ಲುಗಳೇ. ಅವರು ದೂರದಲ್ಲಿ ಕುಳಿತು, ಕವಲುಗೋಲಿನ ಮೇಲೆ ರೈಫಲ್ಲು ಊರಿ, ಒಂದೊಂದನ್ನೂ ನಿಧಾನವಾಗಿ, ಲೆಕ್ಕವಿಟ್ಟು ಹೊಡೆದರು. ಕೋಟಿಗಳಲ್ಲಿದ್ದ ಪ್ರಾಣಿ 1880ರ ದಶಕದ ಕೊನೆಗೆ ಸಾವಿರದ ಆಸುಪಾಸಿಗೆ ಇಳಿಯಿತು. ಅವರು ಗುರಿಯಲ್ಲಿ ತೋರಿದ ತಾಳ್ಮೆ ಅದ್ಭುತವೇ. ಅದನ್ನು ಸಂಯಮವೆಂದು ಕರೆಯಲು ಮಾತ್ರ ಸಾಧ್ಯವಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ತಾತನ ಊರು ಮಳವಳ್ಳಿ ತಾಲ್ಲೂಕಿನಲ್ಲಿ, ಮುತ್ತತ್ತಿಯ ಕಾಡಿನ ಕಡೆಗೆ. ಅವರಲ್ಲಿ ಒಂದು ಕೇಪಿನ ಕೋವಿ ಇತ್ತು: ನಳಿಗೆಯ ಬಾಯಿಯಿಂದ ಮದ್ದು ಸುರಿದು, ನಾರು ಜಡಿದು, ಸೀಸದ ಗುಂಡನ್ನೋ ಚರೆಯನ್ನೋ ಹಾಕಿ ಮತ್ತೆ ಜಡಿದು, ಕೊನೆಗೆ ಹಿಂದುಗಡೆ, ಪೆಟ್ಟು ಬಿದ್ದರೆ ಕಿಡಿ ಹಾರಿಸುವ ತಾಮ್ರದ ಕೇಪು ಕೂರಿಸಿ ಹೊಡೆಯುವಂಥದು. ಬೆಳೆ ಕಾಯಲು ಕೊಟ್ಟ ಲೈಸೆನ್ಸಿನ ಕೋವಿ ಅದು. ಚುನಾವಣೆ ಬಂದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುವುದು ಮನೆಯವರಿಗೊಂದು ಕೆಲಸವಾಗಿತ್ತು. ಒಂದು ಈಡು ಹಾರಿಸಿ ಮತ್ತೊಂದಕ್ಕೆ ಸಿದ್ಧವಾಗಲು ಒಂದು ನಿಮಿಷವಾದರೂ ಬೇಕು. ಒಂಟಿ ಈಡಿನ ಆಯುಧವೆಂದರೆ ಇದಕ್ಕಿಂತ ಅಪ್ಪಟವಾದದ್ದು ಮತ್ತೊಂದಿಲ್ಲ. ಹಾಗಿದ್ದೂ ಕಾಡಂಚಿನ ಊರುಗಳ ಜಿಂಕೆ, ಕಡವೆ, ಕಾಡುಕುರಿಗಳು ಕಡಿಮೆಯಾದದ್ದರಲ್ಲಿ ಇಂಥ ಕೋವಿಗಳ ಪಾಲು ಸಣ್ಣದಲ್ಲ. ನೀರಿಗೆ ಬರುವ ದಾರಿಯಲ್ಲಿ ಕಾದು ಕುಳಿತರೆ, ಅಥವಾ ತಲೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ತಿರುಗಿದರೆ, ಎರಡನೆಯ ಈಡಿನ ಅಗತ್ಯವೇ ಬೀಳುವುದಿಲ್ಲ. ಜಿಂಕೆಯ ಕಣ್ಣಿನ ಹಿಂಪದರ ಬೆಳಕನ್ನು ಮರಳಿ ಎಸೆಯುತ್ತದೆ. ಹೊಳೆಯುವ ಎರಡು ಕಣ್ಣುಗಳಾಗಿ ಅದು ತಾನೇ ಗುರಿಯನ್ನು ತೋರಿಸಿಕೊಂಡು, ಬೆಳಕಿಗೆ ಮಂಕಾಗಿ ನಿಂತುಬಿಡುತ್ತದೆ.

ಬಾಲ್ಯದಲ್ಲಿ ಜಗಲಿಯ ಮೇಲೆ ಕೇಳಿದ ಆ ಕಾಲದ ಬೇಟೆಯ ಕಥೆಗಳಲ್ಲಿ ಪದೇ ಪದೇ ಬರುತ್ತಿದ್ದ ವಾಕ್ಯವೊಂದಿತ್ತು: "ಈಡು ತಗುಲ್ತು, ಆದ್ರೆ ಪ್ರಾಣಿ ಸಿಗ್ಲಿಲ್ಲ." ಹೇಳುವವರು ಅದನ್ನು ಅದೃಷ್ಟದ ಮಾತೆಂಬಂತೆ ಹೇಳಿ ಮುಂದಿನ ಕಥೆಗೆ ಹೋಗುತ್ತಿದ್ದರು. ಆ ಪ್ರಾಣಿ ಎಲ್ಲಿಗೆ ಹೋಯಿತು, ಎಷ್ಟು ಹೊತ್ತು ಬದುಕಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಜಿಂಕೆಗಳನ್ನು ಉಳಿಸಿದ್ದು ಕೋವಿಯ ಮಿತಿಯಲ್ಲ, ಕಾನೂನು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನು 1901ರಲ್ಲೇ ಬಂದಿತ್ತು. 1931ರಲ್ಲಿ ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾಯ್ದಿರಿಸಲಾಯಿತು. 1941ರಲ್ಲಿ ಅದನ್ನು ಹಿಗ್ಗಿಸಿದರು. ಇದೇ ಅವಧಿಯಲ್ಲಿ ಅರಮನೆಯ ಶಿಕಾರಿಗಳೂ ನಡೆಯುತ್ತಿದ್ದವು, ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಡುವ ವ್ಯಾನ್ ಇಂಗನ್ ಅವರ ಕಾರ್ಖಾನೆ ಮೈಸೂರಿನಲ್ಲಿ ಭರದಿಂದ ಕೆಲಸ ಮಾಡುತ್ತಿತ್ತು ಎಂಬುದು ನಮ್ಮ ಊರಿನ ವಿಚಿತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲು ಕೆಲವು ಪ್ರಾಣಿಗಳಿಗೆ ಲೈಸೆನ್ಸಿನ ಬೇಟೆಗೆ ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಇಂದು ನಮ್ಮಲ್ಲಿ ಜಿಂಕೆಯ ಮೇಲೆ ಯಾವ ಬಗೆಯ ಕೋವಿ ಎತ್ತಿದರೂ ಅದು ಅಪರಾಧವೇ.

ಪೆನ್ಸಿಲ್ವೇನಿಯಾದ ಕಥೆ ಬೇರೆ ದಾರಿಯಲ್ಲಿ ಸಾಗಿದೆ. ಅಲ್ಲಿಯೂ 1900ರ ಹೊತ್ತಿಗೆ ಬಿಳಿಬಾಲದ ಜಿಂಕೆ ಹೆಚ್ಚುಕಡಿಮೆ ಮುಗಿದುಹೋಗಿತ್ತು. 1895ರಲ್ಲಿ ಬೇಟೆಯ ಆಯೋಗವನ್ನು ಸ್ಥಾಪಿಸಿ, ಬೇರೆ ರಾಜ್ಯಗಳಿಂದ ಜಿಂಕೆಗಳನ್ನು ತಂದು ಬಿಟ್ಟು, ಬೇಟೆಯ ಕಾಲವನ್ನು ಕಡಿತಗೊಳಿಸಿ ಅವರು ಅದನ್ನು ಮರಳಿ ಬೆಳೆಸಿದರು. ಇಡೀ ಅಮೆರಿಕದಲ್ಲಿ ಐದು ಲಕ್ಷಕ್ಕೆ ಇಳಿದಿದ್ದ ಈ ಜಿಂಕೆಗಳು ಇಂದು ಸುಮಾರು ಮೂರು ಕೋಟಿ ಇವೆಯೆಂದು ಅಂದಾಜು. 1937ರ ಒಂದು ಕಾನೂನಿನ ಪ್ರಕಾರ ರೈಫಲ್ಲು ಮತ್ತು ತೋಟಾಗಳ ಮೇಲೆ ಶೇಕಡ 11ರಷ್ಟು ತೆರಿಗೆ ಹಾಕಿ ಆ ಹಣವನ್ನು ವನ್ಯಜೀವಿಗಳ ಕೆಲಸಕ್ಕೇ ರಾಜ್ಯಗಳಿಗೆ ಕೊಡುತ್ತಾರೆ. ಅಲ್ಲಿನ ಕಾಡುಗಳಲ್ಲಿ ತೋಳವಿಲ್ಲ, ಪ್ಯೂಮಾ ಇಲ್ಲ; ಜಿಂಕೆಗಳ ಸಂಖ್ಯೆಯನ್ನು ಹಿಡಿತದಲ್ಲಿಡುವ ಕೆಲಸವನ್ನು ಬಹುಪಾಲು ಮನುಷ್ಯನೇ ಮಾಡಬೇಕು. ನಾಗರಹೊಳೆ, ಬಂಡೀಪುರಗಳಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಜಿಂಕೆಯ ಲೆಕ್ಕವನ್ನು ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿರುವಾಗ "ಅಮೆರಿಕದಲ್ಲಿ ಬಿಟ್ಟಿದ್ದಾರೆ, ಇಲ್ಲೇಕೆ ಬಿಡಬಾರದು" ಎಂದು ಕೇಳುವ ಮೈಸೂರಿನ ಗೆಳೆಯರಿಗೆ ನಾನು ಕೊಡುವ ಉತ್ತರ ಇಷ್ಟೇ.

ಬೇಟೆಯ ಬೆಳಗ್ಗೆ ನಾವು ಕತ್ತಲಿರುವಾಗಲೇ ಅಟ್ಟಣೆ ಹತ್ತಿದೆವು. ಬೇಟೆಗಾರ ತಲೆ, ಎದೆ, ಬೆನ್ನುಗಳ ಮೇಲೆ ಒಟ್ಟು 250 ಚದರ ಅಂಗುಲದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಬಟ್ಟೆ ತೊಡಬೇಕೆಂಬ ನಿಯಮ ಅಲ್ಲಿದೆ. ಕೋವಿ ಹಿಡಿಯದ ನನಗೂ ಅಕ್ಕನ ಮಗ ಒಂದು ಕಿತ್ತಳೆ ಅಂಗಿ, ಒಂದು ಕಿತ್ತಳೆ ಟೋಪಿ ಹಾಕಿಸಿದ. ಜಿಂಕೆಗೆ ಆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ. ಮತ್ತೊಬ್ಬ ಬೇಟೆಗಾರನಿಗೆ ಕಂಡರೆ ಸಾಕು. ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವವರೆಗೆ ಈಡು ಹಾರಿಸುವಂತಿಲ್ಲ. ಜನರಿರುವ ಮನೆಯ ಸುತ್ತ 150 ಗಜದೊಳಗೆ, ಮನೆಯವರ ಒಪ್ಪಿಗೆಯಿಲ್ಲದೆ ಬೇಟೆಯಾಡುವಂತಿಲ್ಲ. ಗಂಡು ಜಿಂಕೆಯಾದರೆ, ರಾಜ್ಯದ ಹೆಚ್ಚಿನ ಭಾಗಗಳಲ್ಲಿ, ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ 3 ಕವಲುಗಳಿರಲೇಬೇಕು.

ಈ ಕೊನೆಯ ನಿಯಮದ ಬಲ ನನಗೆ ಕಂಡದ್ದು ಮೊದಲ ಗಂಡು ಜಿಂಕೆ ಬಂದಾಗ. ಎಲೆ ಉದುರಿದ ಓಕ್ ಮರಗಳ ನಡುವೆ ಅದು ಮೂಸುತ್ತಾ ಬಂದು, ಪಕ್ಕೆಯನ್ನು ಪೂರ್ತಿ ನಮ್ಮ ಕಡೆ ತಿರುಗಿಸಿ, ಅರವತ್ತು ಗಜದೊಳಗೆ ನಿಂತಿತು. ಅಕ್ಕನ ಮಗ ರೈಫಲ್ಲನ್ನು ಕಟಕಟೆಯ ಮೇಲೆ ಊರಿ ದೂರದರ್ಶಕದಲ್ಲಿ ಬಹಳ ಹೊತ್ತು ನೋಡಿದ. ನನಗೆ ಅಲ್ಲಿಂದಲೇ ಎದೆ ಬಡಿತ ಕೇಳಿಸುವಂತಿತ್ತು. ಆಮೇಲೆ ಅವನು ಬೆರಳನ್ನು ಟ್ರಿಗರಿನಿಂದ ದೂರ ತೆಗೆದು, "ಎರಡೇ ಕವಲು, ಮಾವ" ಎಂದು ಪಿಸುಗುಟ್ಟಿದ. ಜಿಂಕೆ ತನ್ನ ಪಾಡಿಗೆ ನಡೆದುಹೋಯಿತು. ಅಲ್ಲಿ ಅವನನ್ನು ತಡೆದದ್ದು ರೈಫಲ್ಲಿನಲ್ಲಿದ್ದ ಒಂಟಿ ತೋಟಾ ಅಲ್ಲ. ಆ ಹೊತ್ತಿನಲ್ಲಿ ಐದು ತೋಟಾದ ರೈಫಲ್ಲಿದ್ದರೂ ಅವನು ಹೊಡೆಯುತ್ತಿರಲಿಲ್ಲ. ತಾತನ ಕಾಲದ ಕೇಪಿನ ಕೋವಿ ಹಿಡಿದವನು ಕವಲು ಎಣಿಸುತ್ತಲೂ ಇರಲಿಲ್ಲ.

ಹೊತ್ತು ಏರಿದ ಮೇಲೆ ಮತ್ತೊಂದು ಗಂಡು ಬಂತು. ಇದರ ಕೊಂಬಿನ ಕವಲುಗಳನ್ನು ನಾನೂ ದುರ್ಬೀನಿನಲ್ಲಿ ಎಣಿಸಬಹುದಾಗಿತ್ತು. ಅದು ಮೊದಲು ನಮಗೆ ಎದುರಾಗಿ ನಿಂತಿತ್ತು; ಎದುರಿನಿಂದ ಹೊಡೆಯುವ ಈಡಿಗೆ ಎದೆಯ ಜಾಗ ಕಿರಿದು, ಸ್ವಲ್ಪ ತಪ್ಪಿದರೂ ಗುಂಡು ಹೊಟ್ಟೆಗೆ ಹೋಗುತ್ತದೆ. ಇವನು ಕಾದ. ಅದು ಒಂದು ಹೆಜ್ಜೆ ತಿರುಗಿ, ಮುಂಗಾಲನ್ನು ಮುಂದಿಟ್ಟಾಗ ಹೆಗಲಿನ ಹಿಂಬದಿ ತೆರೆದುಕೊಂಡಿತು. ನನ್ನ ಕಿವಿಗೆ ರಕ್ಷಣೆಯಿದ್ದರೂ ಈಡಿನ ಸದ್ದು ಎದೆಗೇ ಬಡಿದಂತಾಯಿತು. ಜಿಂಕೆ ಹಿಂಗಾಲು ಝಾಡಿಸಿ, ಬಾಲವನ್ನು ಕೆಳಗೆ ಒತ್ತಿಕೊಂಡು ಓಡಿತು. ಬೆದರಿದ ಬಿಳಿಬಾಲದ ಜಿಂಕೆ ಸಾಮಾನ್ಯವಾಗಿ ಬಾಲವನ್ನು ಬಿಳಿ ಬಾವುಟದಂತೆ ಎತ್ತಿ ಓಡುತ್ತದೆ. ಬಾಲ ಕೆಳಗಿದ್ದರೆ ಅದು ತಗುಲಿದ ಲಕ್ಷಣವಿರಬಹುದೆಂದು ಅಲ್ಲಿನವರು ಹೇಳುತ್ತಾರೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ.

ಒಂಟಿ ತೋಟಾದ ರೈಫಲ್ಲು ನಿಜವಾಗಿ ಏನನ್ನು ಬದಲಿಸುತ್ತದೆ ಎಂಬುದು ನನಗೆ ತಿಳಿದದ್ದು ಇದರ ಮರುಕ್ಷಣದಲ್ಲಿ. ಹಲವು ತೋಟಾದ ರೈಫಲ್ಲಿದ್ದವನು ಓಡುವ ಜಿಂಕೆಯ ಹಿಂದೆ ಇನ್ನೊಂದು, ಮತ್ತೊಂದು ಈಡು ಹಾರಿಸುವುದು ಸಾಮಾನ್ಯ. ಕೈ ತನ್ನಷ್ಟಕ್ಕೆ ಬೋಲ್ಟ್ ಎಳೆದು ತಳ್ಳಿಬಿಡುತ್ತದೆ. ಆ ಈಡುಗಳೇ ಹೊಟ್ಟೆಗೆ, ತೊಡೆಗೆ, ದವಡೆಗೆ ತಗಲುವಂಥವು. ಇವನು ಸನ್ನೆ ಇಳಿಸಿ, ಖಾಲಿ ತೋಟಾ ಹೊರಬಿದ್ದೊಡನೆ ಎಡಗೈ ಬೆರಳುಗಳ ನಡುವೆ ಇಟ್ಟುಕೊಂಡಿದ್ದ ಇನ್ನೊಂದನ್ನು ತುಂಬಿ ಮುಚ್ಚಿದ. ರೂಢಿಯಿದ್ದವನಿಗೆ ಇದು ಕೆಲವೇ ಸೆಕೆಂಡಿನ ಕೆಲಸ, ಆದ್ದರಿಂದ "ಎರಡನೆಯ ಈಡು ಇಲ್ಲ" ಎಂಬ ಮಾತೂ ಅಕ್ಷರಶಃ ಸರಿಯಲ್ಲ. ಆದರೆ ಆ ಕೆಲವು ಸೆಕೆಂಡು ಸಾಕು. ಜಿಂಕೆ ಪೊದೆಗಳ ಹಿಂದೆ ಹೋಗಿರುತ್ತದೆ. ಹೊಡೆಯುವ ಪ್ರಶ್ನೆ ಮುಗಿದು, ನೋಡಿಟ್ಟುಕೊಳ್ಳುವ ಕೆಲಸ ಶುರುವಾಗಿರುತ್ತದೆ. ಅವನು ರೈಫಲ್ಲನ್ನು ತುಂಬುತ್ತಲೇ ಕಣ್ಣು ಕದಲಿಸದೆ ಜಿಂಕೆ ನಿಂತಿದ್ದ ಜಾಗವನ್ನೂ, ಅದು ಕೊನೆಗೆ ಕಂಡ ಸೀಳುಮರವನ್ನೂ ನನಗೆ ಹೇಳಿ ಗುರುತಿಡಿಸಿದ.

ಆಮೇಲೆ ಅರ್ಧ ಗಂಟೆ ಗಡಿಯಾರ ನೋಡುತ್ತಾ ಕುಳಿತೆವು. ಹೊಸಬರಿಗೆ ಇದೇ ಅತ್ಯಂತ ಕಷ್ಟದ ಭಾಗವಂತೆ. ಶ್ವಾಸಕೋಶಕ್ಕೆ ತಗುಲಿದ ಜಿಂಕೆ ಐವತ್ತೋ ನೂರೋ ಗಜ ಓಡಿ ಬೀಳುತ್ತದೆ. ಬೇರೆಡೆ ತಗುಲಿದ್ದು ಹತ್ತಿರದಲ್ಲೇ ಎಲ್ಲೋ ಮಲಗಿರುತ್ತದೆ. ತಕ್ಷಣ ಬೆನ್ನಟ್ಟಿದರೆ ಅದು ಎದ್ದು, ರಕ್ತ ಸುರಿಸದೆ ಮೈಲಿಗಟ್ಟಲೆ ಹೋಗಬಲ್ಲದು. ಕೆಳಗಿಳಿದು ಹುಡುಕುವಾಗ ಅವನು ಮೊದಲು ನೋಡಿದ್ದು ರಕ್ತವನ್ನಲ್ಲ, ಕೂದಲನ್ನು: ಗುಂಡು ಕತ್ತರಿಸಿ ಬೀಳಿಸಿದ ಕೂದಲು ಕಂದು ಬಣ್ಣದ್ದಾದರೆ ಪಕ್ಕೆ, ಬಿಳಿಯದಾದರೆ ಹೊಟ್ಟೆಯ ಕೆಳಭಾಗ. ಎಲೆಯ ಮೇಲಿನ ರಕ್ತ ತಿಳಿಗೆಂಪಾಗಿ ನೊರೆನೊರೆಯಾಗಿದ್ದರೆ ಶ್ವಾಸಕೋಶ. ಕಪ್ಪುಗೆಂಪಾಗಿದ್ದರೆ ಯಕೃತ್ತು, ಗಂಟೆಗಳ ಕಾಲ ಕಾಯಬೇಕು. ಹಸಿರು ರಸ ಕಂಡರೆ ಹೊಟ್ಟೆ. ಆಗ ಇನ್ನೂ ಹೆಚ್ಚು ಹೊತ್ತು ಬಿಟ್ಟು, ಹೆಚ್ಚು ಜನರನ್ನು ಕರೆದು ಬರಬೇಕು. ನಮಗೆ ಸಿಕ್ಕಿದ್ದು ಕಂದು ಕೂದಲು, ನೊರೆರಕ್ತ. ಪ್ರತಿ ಗುರುತಿನ ಬಳಿಯೂ ನನ್ನನ್ನು ಗೂಟದಂತೆ ನಿಲ್ಲಿಸಿ, ಮುಂದಿನ ಗುರುತು ಕಂಡ ಮೇಲೆಯೇ ನನಗೆ ಕದಲಲು ಬಿಟ್ಟ. ಗುರುತಿಟ್ಟ ಸೀಳುಮರದ ಸ್ವಲ್ಪ ಆಚೆ, ಉರುಳಿದ ದಿಮ್ಮಿಯೊಂದರ ಮಗ್ಗುಲಲ್ಲಿ ಜಿಂಕೆ ಬಿದ್ದಿತ್ತು. ಅದರ ಕಿವಿಗೆ ತನ್ನ ಹೆಸರಿನ ಚೀಟಿ ಕಟ್ಟಿದ ಮೇಲೆಯೇ ಅವನು ಅದನ್ನು ಎಳೆದದ್ದು.

ನಮ್ಮ ಕಾಡುಗಳಲ್ಲಿ ಈ ವಿದ್ಯೆಯನ್ನು ಬಲ್ಲವರು ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು. ದೊರೆಗಳ ಮತ್ತು ದೊರೆಸಾನಿಗಳ ಶಿಕಾರಿಯ ಚಿತ್ರಗಳಲ್ಲಿ ರೈಫಲ್ಲು ಹಿಡಿದವರ ಹೆಸರಿರುತ್ತದೆ. ಗಾಯಗೊಂಡ ಪ್ರಾಣಿಯ ಜಾಡನ್ನು ಎಲೆ ಎಲೆಯಲ್ಲಿ ಓದಿ ಅಲ್ಲಿಗೆ ಕರೆದೊಯ್ದವರು ಪಕ್ಕದಲ್ಲಿ ಹೆಸರಿಲ್ಲದೆ ನಿಂತಿರುತ್ತಾರೆ. ಬೇಟೆಯ ಕಷ್ಟದ ಅರ್ಧ ಅವರ ಪಾಲಿನದಾಗಿತ್ತು. ಅವರಿಲ್ಲದಿದ್ದರೆ ಅರಮನೆಯ ಕಥೆಗಳಲ್ಲಿಯೂ ಮಳವಳ್ಳಿಯ ಜಗಲಿಯ ವಾಕ್ಯ ಮತ್ತೆ ಮತ್ತೆ ಬರುತ್ತಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದ್ದರಿಂದ ಸಂಯಮದ ಮಾತನ್ನು ನಾನು ಹೀಗೆ ತಿದ್ದುತ್ತೇನೆ. ಟ್ರಿಗರಿನ ಮುಂಚಿನ ಸಂಯಮ ನಿಯಮದಿಂದ, ನಿಯಮವನ್ನು ಮುರಿದರೆ ಲೈಸೆನ್ಸ್ ಹೋಗುತ್ತದೆಂಬ ಭಯದಿಂದ, ಜೊತೆಗಾರರ ನಡತೆಯಿಂದ ಬರುತ್ತದೆ. ಅದಕ್ಕೂ ತೋಟಾಗಳ ಸಂಖ್ಯೆಗೂ ಸಂಬಂಧವಿಲ್ಲ. ಟ್ರಿಗರಿನ ಆಚೆಗಿನ ಕೆಲವು ಸೆಕೆಂಡುಗಳಲ್ಲಿ ಮಾತ್ರ ರೈಫಲ್ಲು ತಾನೇ ಬೇಟೆಗಾರನ ಕೈ ಹಿಡಿಯುತ್ತದೆ. ಇದನ್ನು ಅಕ್ಕನ ಮಗನಿಗೆ ಹೇಳಿದಾಗ ಅವನು ಪೂರ್ತಿ ಒಪ್ಪಲಿಲ್ಲ. ಗುರಿ ಅಭ್ಯಾಸದ ಮೈದಾನದಲ್ಲೇ ಒಂಟಿ ತೋಟಾ ತನಗೆ ಬೇರೆ ಶಿಸ್ತು ಕೊಟ್ಟಿತೆಂದು ಅವನ ವಾದ. ಕಾಗದಕ್ಕೆ ಒಂದೊಂದೇ ಹೊಡೆದು ಕಲಿತ ನನಗೆ ಅದನ್ನು ತಳ್ಳಿಹಾಕಲೂ ಆಗುವುದಿಲ್ಲ.

ಮಾಂಸದ ವಿಷಯ ಬೇಗ ಮುಗಿಸುತ್ತೇನೆ. ಜಿಂಕೆಯ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಕುರಿಯಂತೆ ಬೇಯಿಸಿದರೆ ನಾರಾಗುತ್ತದೆ. ಅಕ್ಕ ಅದನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿ, ಕಾಯಿ ಗಸಗಸೆ ಅರೆದು ಹಾಕಿ ಮಂಡ್ಯದ ಕಡೆಯ ಸಾರು ಮಾಡಿದಳು. ಮುದ್ದೆಗೆ ರಾಗಿಹಿಟ್ಟು ನನ್ನ ಪೆಟ್ಟಿಗೆಯಲ್ಲೇ ಹೋಗಿತ್ತು. ನಮ್ಮ ಭಾವ ಸಾರು ಮಾತ್ರ ಹಾಕಿಸಿಕೊಂಡು ತುಂಡುಗಳನ್ನು ಮಗನ ತಟ್ಟೆಗೆ ದಾಟಿಸಿದರು. ಕಾರಣ ಕೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಮೊನ್ನೆ ಫೋನಿನಲ್ಲಿ ಅಕ್ಕನ ಮಗ ಹೊಸ ಸುದ್ದಿ ಹೇಳಿದ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಆದಮೇಲೆ ಚಕಮಕಿ ಕೋವಿಗಳಿಗೆಂದೇ ಮೀಸಲಾದ ಜಿಂಕೆ ಬೇಟೆಯ ಋತುವೊಂದಿದೆ; 1974ರಿಂದ ನಡೆಯುತ್ತಿದೆ. ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿ, ಬಟ್ಟಲಿನ ಪುಡಿಮದ್ದು ಹತ್ತಿಕೊಂಡು, ಅದರಿಂದ ಒಳಗಿನ ಮದ್ದು ಹತ್ತಬೇಕು. ಈಗ ಅವನಿಗೆ ಅಂಥದೊಂದು ಬೇಕಂತೆ. ಆ ರಾಜ್ಯದ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನ್ ಮೂಲದ ಕಮ್ಮಾರರು ಉದ್ದ ನಳಿಗೆಯ ರೈಫಲ್ಲುಗಳನ್ನು ಮಾಡುತ್ತಿದ್ದ ಹದಿನೆಂಟನೆಯ ಶತಮಾನದಲ್ಲೇ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾರ್ಖಾನೆಗಳೂ ಚಕಮಕಿ ಕೋವಿಗಳನ್ನು ಮಾಡುತ್ತಿದ್ದವೆಂದು ಅವನಿಗೆ ಹೇಳಿದೆ. ಐವತ್ತು ಗಜದ ಆಚೆ ಹೊಡೆಯಬೇಡ, ಬಟ್ಟಲಿನ ಮದ್ದನ್ನು ಹಿಮದ ತೇವದಿಂದ ಕಾಪಾಡಿಕೋ, ಹೊಗೆ ಕಣ್ಣಿಗೆ ಅಡ್ಡ ಬರುವ ಮೊದಲೇ ಒಂದು ಮರವನ್ನು ಗುರುತಿಟ್ಟುಕೋ ಎಂದೂ ಹೇಳಿದೆ. ತಾತನ ಕೋವಿ ಇದ್ದಿದ್ದರೆ ಆಗುತ್ತಿತ್ತೇ ಎಂದು ಅವನು ಕೇಳಿದ. ಆ ಋತುವಿನಲ್ಲಿ ಕೇಪಿನ ಕೋವಿಗೆ ಅನುಮತಿಯಿಲ್ಲ. ಅಲ್ಲಿನ ನಿಯಮದ ಪ್ರಕಾರ ತಾತನದು ತೀರ ಆಧುನಿಕ.